ಬ್ಲಡ್ ಕ್ಯಾನ್ಸರ್‌ಗೆ ಟ್ರಾನ್ಸ್‌ಪ್ಲಾಂಟ್ ಮಾಡಿಸ್ಬೇಕು ಅಂದಿದಾರಾ? ಡೋನರ್ ಹುಡುಕೋದ್ರಿಂದ ಮನೆಗೆ ಬಂದ ಮೇಲಿನ ನೂರು ದಿನದ ತನಕ ಏನೇನು ಮಾಡ್ಬೇಕು

ಡಾಕ್ಟರು ರಿಪೋರ್ಟ್ ನೋಡ್ಕೊಂಡು "ಇದು ಹೈ ರಿಸ್ಕ್, ಬರೀ ಕೀಮೋದಲ್ಲಿ ನಿಲ್ಲಲ್ಲ, ಟ್ರಾನ್ಸ್‌ಪ್ಲಾಂಟ್ ಯೋಚನೆ ಮಾಡ್ಬೇಕು" ಅಂದಾಗ ಮನೆಯವ್ರು ಕೇಳೋ ಮೊದಲ ಪ್ರಶ್ನೆ ಎಷ್ಟು ದುಡ್ಡಾಗುತ್ತೆ ಅಂತ, ಎರಡನೇದು ಆಪರೇಷನ್ ಎಷ್ಟು ಗಂಟೆ ಹಿಡಿಯುತ್ತೆ ಅಂತ. ಪೇಷಂಟ್‌ಗೆ ಆಪರೇಷನ್ ಅನ್ನೋದೇ ಇಲ್ಲ ಇದ್ರಲ್ಲಿ, ರಕ್ತ ಏರಿಸಿದ ಹಾಗೆ ಸ್ಟೆಮ್ ಸೆಲ್, ಅಂದ್ರೆ ರಕ್ತ ಹುಟ್ಟಿಸೋ ಮೂಲ ಸೆಲ್ ಇರೋ ಒಂದು ಚೀಲ ಏರಿಸ್ತಾರೆ ಅಷ್ಟೇ. ದುಡ್ಡಿನ ವಿಷಯ ಮುಂದೆ ಬರೀತೀನಿ. ಅವೆರಡಕ್ಕೂ ಮುಂಚೆ ಕೇಳ್ಬೇಕಾಗಿರೋದು "ಎಚ್‌ಎಲ್‌ಎ ಟೆಸ್ಟ್ ಯಾವತ್ತು ಕಳಿಸ್ತೀರಾ ಸಾರ್?" ಅಂತ. ಯಾರ ಸ್ಟೆಮ್ ಸೆಲ್ ಪೇಷಂಟ್‌ಗೆ ಹೊಂದುತ್ತೆ ಅಂತ ನೋಡೋ ಟೆಸ್ಟ್ ಅದು.

ನಮ್ಮಕ್ಕನಿಗೆ ಎಎಂಎಲ್ ಅನ್ನೋ ಬ್ಲಡ್ ಕ್ಯಾನ್ಸರ್ ಬಂದು ಟ್ರಾನ್ಸ್‌ಪ್ಲಾಂಟ್ ಆದಾಗ ಸ್ಟೆಮ್ ಸೆಲ್ ಕೊಟ್ಟಿದ್ದು ನಾನು, ಆಮೇಲೆ ಆಸ್ಪತ್ರೆ ಹತ್ರ ರೂಮು ಮಾಡ್ಕೊಂಡು ಅಡುಗೆ, ಮಾತ್ರೆ, ಫೈಲು ನೋಡ್ಕೊಂಡಿದ್ದೂ ನಾನೇ. ಅವತ್ತಿಂದ ಯಾರೋ ಒಬ್ರು ಫೋನ್ ಮಾಡಿ ಕೇಳ್ತಾನೇ ಇರ್ತಾರೆ, ಎಲ್ರಿಗೂ ಹೇಳೋದನ್ನ ಒಂದೇ ಕಡೆ ಬರೆದಿಟ್ರೆ ಒಳ್ಳೇದು ಅಂತ ಇದು. ನಾನು ಡಾಕ್ಟರಲ್ಲ, ಔಷಧಿ ಮತ್ತೆ ಡೋಸಿನ ವಿಷಯದಲ್ಲಿ ನಿಮ್ಮ ಹೆಮಟಾಲಜಿಸ್ಟ್ (ರಕ್ತದ ಕಾಯಿಲೆ ಡಾಕ್ಟರು) ಹೇಳಿದ್ದೇ ಫೈನಲ್. ಆದ್ರೆ ಇಷ್ಟು ಮಾತ್ರ ಗಟ್ಟಿಯಾಗಿ ಹೇಳ್ತೀನಿ: ವಾರ್ಡೊಳಗಿನ ಮೂರ್ನಾಲ್ಕು ವಾರ ಡಾಕ್ಟರು, ನರ್ಸ್‌ಗಳ ಕೈಲಿರುತ್ತೆ, ಅದಕ್ಕೆ ಮುಂಚಿನ ತಿಂಗಳುಗಳು ಮತ್ತೆ ಆಮೇಲಿನ ನೂರು ದಿನ ಹೆಚ್ಚಿನ ಪಾಲು ಮನೆಯವ್ರ ಕೈಲಿರುತ್ತೆ, ಆ ಎರಡು ಕಡೆ ನಾವು ಎಚ್ಚರವಾಗಿದ್ರೆ ಡಾಕ್ಟರ ಕೆಲಸ ಅರ್ಧ ಹಗುರ ಆಗುತ್ತೆ.

ಮೊದಲು: ಹೈ ರಿಸ್ಕ್ ಅಂತ ಯಾಕಂದ್ರು ಅಂತ ತಿಳ್ಕೊಳ್ಳಿ

ಎಲ್ಲಾ ಬ್ಲಡ್ ಕ್ಯಾನ್ಸರ್‌ಗೂ ಟ್ರಾನ್ಸ್‌ಪ್ಲಾಂಟ್ ಬೇಡ. ಸಿಎಂಎಲ್ ಅನ್ನೋದು ಇಮಾಟಿನಿಬ್ ಥರದ ಮಾತ್ರೆಯಲ್ಲೇ ವರ್ಷಾನುಗಟ್ಟಲೆ ಹಿಡಿತದಲ್ಲಿರುತ್ತೆ. ಎಪಿಎಂಎಲ್ ಅನ್ನೋ ಒಂದು ಬಗೆ ಮೊದಲ ಕೆಲವು ವಾರ ತುಂಬಾ ಅಪಾಯ, ಅದು ದಾಟಿದ್ರೆ ಎಟಿಆರ್‌ಎ ಮತ್ತೆ ಆರ್ಸೆನಿಕ್ ಅನ್ನೋ ಔಷಧಿಗಳಲ್ಲೇ ಬಹುಪಾಲು ಜನ ವಾಸಿಯಾಗ್ತಾರೆ. ಎಎಂಎಲ್‌ನಲ್ಲೂ 8 ಮತ್ತು 21ನೇ ಕ್ರೋಮೋಸೋಮ್ ಅದಲುಬದಲಾಗಿರೋ ಥರದವು ಫೇವರಬಲ್ ಗುಂಪು, ಅಲ್ಲಿ ಸಾಮಾನ್ಯವಾಗಿ ಮೊದಲ ಸಲಕ್ಕೆ ಕೀಮೋನೇ ಸಾಕು ಅಂತಾರೆ.

ಹೈ ರಿಸ್ಕ್ ಅನ್ನೋದು ಕಾಯಿಲೆ ಎಷ್ಟು ಹರಡಿದೆ ಅನ್ನೋದ್ರ ಲೆಕ್ಕ ಅಲ್ಲ, ಹೊಟ್ಟೆ ಕ್ಯಾನ್ಸರ್‌ಗೆ ಸ್ಟೇಜ್ ಹೇಳೋ ಹಾಗೆ ಎಎಂಎಲ್, ಎಎಲ್‌ಎಲ್ ಥರದ ಲ್ಯುಕೇಮಿಯಾಗೆ (ರಕ್ತದ ಬಿಳಿ ಸೆಲ್‌ನ ಕ್ಯಾನ್ಸರ್) ಸ್ಟೇಜ್ ಹೇಳಲ್ಲ. ಕ್ಯಾನ್ಸರ್ ಸೆಲ್ ಒಳಗಿನ ಜೀನ್ ಮತ್ತೆ ಕ್ರೋಮೋಸೋಮ್ ಹೇಗಿದೆ, ಮೊದಲ ಕೀಮೋಗೆ ಅದು ಎಷ್ಟು ಬಗ್ಗಿತು, ಈ ಎರಡರ ಮೇಲೆ ನಿರ್ಧಾರ. ಹಾಗಾಗಿ ಫೈಲಲ್ಲಿ ಮೂರು ಕಾಗದ ಇದೆಯಾ ನೋಡ್ಕೊಳ್ಳಿ: ಕ್ಯಾರಿಯೋಟೈಪ್ ಅಥವಾ ಫಿಶ್ ರಿಪೋರ್ಟು (ಕ್ರೋಮೋಸೋಮ್ ನೋಡೋ ಟೆಸ್ಟು), ಜೀನ್ ಪ್ಯಾನೆಲ್ (ಎನ್‌ಜಿಎಸ್ ಅಂತಿರುತ್ತೆ), ಮತ್ತೆ ಮೊದಲ ಕೀಮೋ ಮುಗಿದ ಮೇಲಿನ ಎಂಆರ್‌ಡಿ. ಎಂಆರ್‌ಡಿ ಅಂದ್ರೆ ಮೈಕ್ರೋಸ್ಕೋಪ್‌ನಲ್ಲಿ ಕಾಣದೆ ಉಳ್ಕೊಂಡಿರೋ ಕಾಯಿಲೆ, ಹತ್ತು ಸಾವಿರ ಸೆಲ್‌ನಲ್ಲಿ ಒಂದು ಕೆಟ್ಟ ಸೆಲ್ ಇದ್ರೂ ಅದು ಹಿಡಿಯುತ್ತೆ. ಟಿಪಿ53 ಮ್ಯುಟೇಷನ್, ತುಂಬಾ ಕ್ರೋಮೋಸೋಮ್ ಏರುಪೇರಾಗಿರೋ ಕಾಂಪ್ಲೆಕ್ಸ್ ಕ್ಯಾರಿಯೋಟೈಪ್, ಎಎಲ್‌ಎಲ್‌ನಲ್ಲಿ ಕೀಮೋ ಆದ ಮೇಲೂ ಎಂಆರ್‌ಡಿ ಪಾಸಿಟಿವ್, ವಾಸಿಯಾಗಿ ಮತ್ತೆ ಮರುಕಳಿಸಿದ ಕಾಯಿಲೆ, ಹೈ ರಿಸ್ಕ್ ಎಂಡಿಎಸ್ (ಮೂಳೆ ಮಜ್ಜೆ ಸರಿಯಾಗಿ ರಕ್ತ ತಯಾರಿಸದ ಕಾಯಿಲೆ), ಇಂಥವ್ರಿಗೆ ಬೇರೆಯವ್ರ ಸ್ಟೆಮ್ ಸೆಲ್ ಹಾಕೋ ಅಲೋಜೆನಿಕ್ ಟ್ರಾನ್ಸ್‌ಪ್ಲಾಂಟ್ ಬಗ್ಗೆ ಮಾತಾಡ್ತಾರೆ. ಮೈಲೋಮಾ ಮತ್ತೆ ಕೆಲವು ಲಿಂಫೋಮಾ ಅನ್ನೋ ಬಗೆಯ ಕ್ಯಾನ್ಸರ್‌ಗಳಲ್ಲಿ ಪೇಷಂಟ್‌ದೇ ಸ್ಟೆಮ್ ಸೆಲ್ ತೆಗೆದಿಟ್ಟು ವಾಪಸ್ ಕೊಡೋ ಆಟೋಲೋಗಸ್ ಮಾಡ್ತಾರೆ, ಅದು ಬೇರೇನೇ ಕಥೆ, ಖರ್ಚೂ ಕಮ್ಮಿ ಅಪಾಯವೂ ಕಮ್ಮಿ. ಈ ಬರಹದಲ್ಲಿ ನಾನು ಹೇಳ್ತಿರೋದು ಹೆಚ್ಚಾಗಿ ಅಲೋಜೆನಿಕ್ ಬಗ್ಗೆ.

ಅಲೋಜೆನಿಕ್ ಹೇಗೆ ಕೆಲಸ ಮಾಡುತ್ತೆ ಅಂದ್ರೆ, ಹಳೇ ಮಜ್ಜೆನ ಕೀಮೋ ಕೊಟ್ಟು ಖಾಲಿ ಮಾಡಿ ಡೋನರ್ ಸೆಲ್ ಕೂರಿಸ್ತಾರೆ, ಅದ್ರಿಂದ ಹೊಸ ರಕ್ತ ಬರೋದು ಒಂದು ಲಾಭ, ಅದಕ್ಕಿಂತ ದೊಡ್ಡ ಲಾಭ ಏನಂದ್ರೆ ಆ ಹೊಸ ರಕ್ತದ ಇಮ್ಯುನಿಟಿ ಅಲ್ಲಿ ಇಲ್ಲಿ ಉಳಿದಿರೋ ಲ್ಯುಕೇಮಿಯಾ ಸೆಲ್‌ನ ಹುಡುಕಿ ಹುಡುಕಿ ಹೊಡೆಯುತ್ತೆ. ಮನೆಗೆ ಹೊಸದಾಗಿ ತಂದ ಕಾವಲು ನಾಯಿ ಕಳ್ಳನ್ನೂ ಅಟ್ಟುತ್ತೆ, ಪರಿಚಯ ಇಲ್ಲದೆ ಮನೆಯವ್ರ ಮೇಲೂ ಎಗರುತ್ತೆ ಅಲ್ವಾ, ಹಾಗೇ ಇದು ಪೇಷಂಟ್ ಚರ್ಮ, ಕರುಳು, ಲಿವರ್ ಮೇಲೂ ಎಗರಬಹುದು. ಅದನ್ನೇ ಜಿವಿಎಚ್‌ಡಿ ಅನ್ನೋದು. ಟ್ರಾನ್ಸ್‌ಪ್ಲಾಂಟ್ ಆದ ಮೇಲಿನ ಎಲ್ಲಾ ಮಾತ್ರೆ, ಎಲ್ಲಾ ಟೆಸ್ಟು ಈ ಎರಡನ್ನ ತೂಗಿಸೋಕೇ.

ಎರಡನೇದು: ಎಚ್‌ಎಲ್‌ಎ, ಅದೇ ವಾರ

ಇಲ್ಲೇ ಜನ ತಡ ಮಾಡೋದು. ಮೊದಲು ಕೀಮೋ ಮುಗೀಲಿ, ಆಮೇಲೆ ನೋಡೋಣ ಅಂತ. ಕಾಯಿಲೆ ಮೊದಲ ರೆಮಿಷನ್‌ಗೆ (ಮೈಕ್ರೋಸ್ಕೋಪ್‌ನಲ್ಲಿ ಕಾಣದಷ್ಟು ತಗ್ಗಿದ ಸ್ಥಿತಿಗೆ) ಬಂದಾಗ ಟ್ರಾನ್ಸ್‌ಪ್ಲಾಂಟ್ ಆದ್ರೆ ಸಿಗೋ ಫಲಿತಾಂಶನೇ ಬೇರೆ, ಮರುಕಳಿಸಿದ ಮೇಲೆ ಅಥವಾ ಕಾಯಿಲೆ ಜೋರಿದ್ದಾಗ ಮಾಡೋದೇ ಬೇರೆ. ರೆಮಿಷನ್ ಬಂದ ಮೇಲೆ ಡೋನರ್ ಹುಡುಕೋಕೆ ಶುರು ಮಾಡಿದ್ರೆ ತಿಂಗಳುಗಳು ಅದ್ರಲ್ಲೇ ಹೋಗುತ್ತೆ. ಹೈ ರಿಸ್ಕ್ ಅನ್ನೋ ರಿಪೋರ್ಟ್ ಬಂದ ವಾರವೇ ಪೇಷಂಟ್ ಮತ್ತೆ ಒಡಹುಟ್ಟಿದವ್ರ ಸ್ಯಾಂಪಲ್ ಹೋಗ್ಬೇಕು. ಬರೀ ಸ್ವಲ್ಪ ರಕ್ತ ಅಥವಾ ಕೆನ್ನೆ ಒಳಗಡೆ ಹತ್ತಿಕಡ್ಡಿ ಉಜ್ಜಿದ್ರೆ ಆಯ್ತು, ಡೋನರ್ ಮೈಸೂರಲ್ಲಿದ್ರೂ ದುಬೈಲಿದ್ರೂ ಸ್ಯಾಂಪಲ್ ಕಳಿಸ್ಬಹುದು.

ಬ್ಲಡ್ ಗ್ರೂಪ್ ಒಂದೇ ಇರ್ಬೇಕು ಅನ್ನೋದು ತಪ್ಪು ತಿಳುವಳಿಕೆ. ನಂದೂ ಅಕ್ಕಂದೂ ಗ್ರೂಪ್ ಬೇರೆ ಬೇರೆ, ನಾನು ಓ ಪಾಸಿಟಿವ್, ಅವಳು ಬಿ. ಬೇಕಾಗಿರೋದು ಎಚ್‌ಎಲ್‌ಎ, ಅಂದ್ರೆ ಸೆಲ್‌ಗಳ ಮೇಲಿನ ಗುರುತಿನ ಮ್ಯಾಚು. ಅದು ಅರ್ಧ ಅಪ್ಪನಿಂದ ಅರ್ಧ ಅಮ್ಮನಿಂದ ಬರುತ್ತೆ, ಹಾಗಾಗಿ ಒಬ್ಬ ಒಡಹುಟ್ಟಿದವ್ರು ಪೂರ್ತಿ ಮ್ಯಾಚ್ ಆಗೋ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಮ್ಯಾಚ್ ಆಗೋದು ನಾಲ್ಕರಲ್ಲಿ ಎರಡು. ಅಪ್ಪ ಅಮ್ಮ ಮಕ್ಕಳು ಯಾವಾಗಲೂ ಕನಿಷ್ಠ ಅರ್ಧ ಮ್ಯಾಚ್. ನಮ್ಮ ಕಡೆ ಸೋದರಮಾವನಿಗೆ ಕೊಟ್ಟು, ಒಳಗೊಳಗೇ ಸಂಬಂಧ ಮಾಡ್ಕೊಂಡಿರೋ ಮನೆಗಳು ಬೇಕಾದಷ್ಟಿವೆ, ಅಂಥ ಮನೆಗಳಲ್ಲಿ ಅಪ್ಪ ಅಮ್ಮನೋ, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳೋ ಪೂರ್ತಿ ಮ್ಯಾಚ್ ಆಗೋ ಅವಕಾಶ ಜಾಸ್ತಿ ಇರುತ್ತೆ, ಅದನ್ನ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ, ಅವ್ರಾಗೇ ಕೇಳ್ತಾರೆ ಅಂತ ಕೂರಬೇಡಿ.

ಇನ್ನೊಂದು ಮಾತು. ಟ್ರಾನ್ಸ್‌ಪ್ಲಾಂಟ್ ಆಗೋ ತನಕ ರಕ್ತ ಸಂಬಂಧಿಗಳು ಪೇಷಂಟ್‌ಗೆ ರಕ್ತ, ಪ್ಲೇಟ್‌ಲೆಟ್ ಕೊಡಬೇಡಿ. ಪ್ರೀತಿಯಿಂದ ತಮ್ಮನೇ ಹೋಗಿ ಕೊಟ್ಟು ಬರ್ತಾನೆ, ಆದ್ರೆ ಅದ್ರಿಂದ ಪೇಷಂಟ್ ಮೈಯಲ್ಲಿ ಆ ಕುಟುಂಬದ ಎಚ್‌ಎಲ್‌ಎ ವಿರುದ್ಧ ಆಂಟಿಬಾಡಿ ಬೆಳೆದು ಮುಂದೆ ಅವನ ಸ್ಟೆಮ್ ಸೆಲ್ಲೇ ಕೂರದ ಹಾಗೆ ಆಗ್ಬಹುದು. ರಕ್ತಕ್ಕೆ ಫ್ರೆಂಡ್ಸು, ಆಫೀಸಿನವ್ರು, ಊರವ್ರನ್ನ ಕರೀರಿ.

ಪೂರ್ತಿ ಮ್ಯಾಚ್ ಸಿಗದಿದ್ರೆ

ಮೊದಲೆಲ್ಲಾ ಇಲ್ಲಿಗೇ ಕಥೆ ಮುಗೀತಿತ್ತು. ಈಗ ಎರಡು ದಾರಿ ಇದೆ.

ಒಂದು ರಿಜಿಸ್ಟ್ರಿ, ಅಂದ್ರೆ ಸ್ಟೆಮ್ ಸೆಲ್ ಕೊಡೋಕೆ ಒಪ್ಪಿ ಹೆಸರು ಕೊಟ್ಟವ್ರ ಪಟ್ಟಿ. ನಮ್ಮ ದೇಶದಲ್ಲಿ ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಇಂಡಿಯಾ ಥರದ ಸಂಸ್ಥೆಗಳಿವೆ, ಆಸ್ಪತ್ರೆಯವ್ರೇ ಅವ್ರ ಮೂಲಕ ಪ್ರಪಂಚದ ಎಲ್ಲಾ ರಿಜಿಸ್ಟ್ರಿಗಳಲ್ಲಿ ಹುಡುಕಿಸ್ತಾರೆ. ಜಗತ್ತಿನಾದ್ಯಂತ 4 ಕೋಟಿಗೂ ಹೆಚ್ಚು ಜನ ಹೆಸರು ಕೊಟ್ಟಿದಾರೆ, ಆದ್ರೆ ಎಚ್‌ಎಲ್‌ಎ ಅನ್ನೋದು ಜನಾಂಗಕ್ಕೆ ತಕ್ಕ ಹಾಗೆ ಬರೋದು, ನಮ್ಮವ್ರಿಗೆ ಮ್ಯಾಚ್ ಸಿಗೋದು ಬಹುಪಾಲು ನಮ್ಮವ್ರಲ್ಲೇ, ಮತ್ತೆ ಆ ಪಟ್ಟೀಲಿ ಭಾರತೀಯರ ಪಾಲು ತುಂಬಾ ಸಣ್ಣದು. ಅಮೆರಿಕ, ಇಂಗ್ಲೆಂಡಲ್ಲಿರೋ ಕನ್ನಡದವ್ರು ಅಲ್ಲಿನ ಎನ್‌ಎಂಡಿಪಿ, ಆಂಥೋನಿ ನೋಲನ್ ರಿಜಿಸ್ಟ್ರಿಗೆ ಹೆಸರು ಕೊಟ್ರೆ ಅದು ಹಾಸನದ ಪೇಷಂಟ್‌ಗೂ ಸಿಗುತ್ತೆ, ರಾಜ್ಯೋತ್ಸವಕ್ಕೆ ಕನ್ನಡ ಸಂಘದಲ್ಲಿ ಜನ ಸೇರಿದಾಗ ಒಂದು ಟೇಬಲ್ ಹಾಕಿ ಸ್ವಾಬ್ ತಗೊಂಡ್ರೂ ಎಷ್ಟೋ ಉಪಕಾರ.

ಎರಡನೇದು ಹಾಫ್ ಮ್ಯಾಚ್, ಹ್ಯಾಪ್ಲೋ ಅಂತಾರೆ. ಅರ್ಧ ಮ್ಯಾಚ್ ಇರೋ ಅಪ್ಪನೋ, ಮಗಳೋ, ತಮ್ಮನೋ ಕೊಡಬಹುದು, ಸ್ಟೆಮ್ ಸೆಲ್ ಹಾಕಿದ ಮೂರನೇ ಮತ್ತೆ ನಾಲ್ಕನೇ ದಿನ ಸೈಕ್ಲೋಫಾಸ್ಫಮೈಡ್ ಅನ್ನೋ ಕೀಮೋ ಕೊಟ್ಟು ಜಿವಿಎಚ್‌ಡಿ ಮಾಡೋ ಸೆಲ್‌ಗಳನ್ನ ಕಟ್ ಮಾಡ್ತಾರೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಬೆಳೆದ ವಿಧಾನ ಇದು, ನಮ್ಮ ದೇಶಕ್ಕಂತೂ ಇದು ದೊಡ್ಡ ವರ, ಯಾಕಂದ್ರೆ ಈಗ ಹೆಚ್ಚುಕಮ್ಮಿ ಎಲ್ರಿಗೂ ಮನೇಲೇ ಒಬ್ಬ ಡೋನರ್ ಸಿಗ್ತಾರೆ. ಹ್ಯಾಪ್ಲೋ ಅಂದಾಗ ಡಿಎಸ್‌ಎ ಟೆಸ್ಟ್ ಆಯ್ತಾ ಅಂತ ಕೇಳಿ, ಪೇಷಂಟ್ ಮೈಯಲ್ಲಿ ಆ ಡೋನರ್ ವಿರುದ್ಧ ಆಂಟಿಬಾಡಿ ಇದೆಯಾ ಅಂತ ನೋಡೋದು ಅದು. ಎರಡು ಮೂರು ಬಸಿರು ಕಂಡಿರೋ ಹೆಂಗಸರಲ್ಲಿ ಗಂಡನ ಕಡೆಯ ಎಚ್‌ಎಲ್‌ಎ ವಿರುದ್ಧ ಆಂಟಿಬಾಡಿ ಇರೋದು ಸಾಮಾನ್ಯ, ಅಂಥವ್ರಿಗೆ ಸ್ವಂತ ಮಗ ಡೋನರ್ ಅಂದಾಗ ಈ ಟೆಸ್ಟ್ ಬಿಡಲೇಬಾರದು.

ಹೆರಿಗೆ ಟೈಮಲ್ಲಿ ದುಡ್ಡು ಕಟ್ಟಿ ಕಾರ್ಡ್ ಬ್ಲಡ್ (ಹೊಕ್ಕುಳಬಳ್ಳಿ ರಕ್ತ) ಇಡಿಸಿದೀವಿ, ಅದೇ ಹಾಕ್ಬಹುದಲ್ಲ ಅಂತ ಕೆಲವು ಅಪ್ಪ ಅಮ್ಮ ಕೇಳ್ತಾರೆ. ಲ್ಯುಕೇಮಿಯಾ ಬಂದ ಮಗುಗೆ ಅದರದೇ ಕಾರ್ಡ್ ಬ್ಲಡ್ ಹಾಕಲ್ಲ, ಕಾಯಿಲೆಯ ಬೀಜ ಅದ್ರಲ್ಲೇ ಇರಬಹುದು, ಮತ್ತೆ ಆಗಲೇ ಹೇಳಿದ ಹುಡುಕಿ ಹೊಡೆಯೋ ಗುಣ ಸ್ವಂತ ಸೆಲ್‌ಗೆ ಇರಲ್ಲ.

ಮೂರನೇದು: ಆಸ್ಪತ್ರೆ, ದುಡ್ಡು

ನಮ್ಮ ದೇಶದಲ್ಲಿ ಮೊದಲ ಅಲೋಜೆನಿಕ್ ಟ್ರಾನ್ಸ್‌ಪ್ಲಾಂಟ್ ಆಗಿದ್ದು 1983ರಲ್ಲಿ, ಮುಂಬೈ ಟಾಟಾ ಮೆಮೋರಿಯಲ್‌ನಲ್ಲಿ. 1986ರಿಂದ ವೆಲ್ಲೂರು ಸಿಎಂಸಿಲಿ ಮಾಡ್ತಿದಾರೆ, ಅಲ್ಲಿಗೆ ಕರ್ನಾಟಕದಿಂದ ಹೋಗೋವ್ರು ಈಗಲೂ ಜಾಸ್ತಿ. ಬೆಂಗಳೂರಲ್ಲಿ ಸೇಂಟ್ ಜಾನ್ಸ್, ನಾರಾಯಣ, ಮಣಿಪಾಲ್ ಥರದ ಕಡೆ ಆಗುತ್ತೆ, ಸರ್ಕಾರಿ ಅಂದ್ರೆ ಕಿದ್ವಾಯಿಲೂ ಬಿಎಂಟಿ (ಮಜ್ಜೆ ಟ್ರಾನ್ಸ್‌ಪ್ಲಾಂಟ್) ಘಟಕ ಇದೆ. ಹೆಸರು ನೋಡಿ ಹೋಗೋದಕ್ಕಿಂತ ಈ ಪ್ರಶ್ನೆಗಳನ್ನ ಕೇಳಿ: ವರ್ಷಕ್ಕೆ ಎಷ್ಟು ಅಲೋಜೆನಿಕ್ ಮಾಡ್ತೀರಾ, ನಮ್ಮ ಥರದ ಕೇಸಲ್ಲಿ ವರ್ಷ ಆದ ಮೇಲೆ ಎಷ್ಟು ಜನ ಕಾಯಿಲೆ ಇಲ್ದೆ ಇದಾರೆ, ಟ್ರಾನ್ಸ್‌ಪ್ಲಾಂಟ್‌ನಿಂದಲೇ ಜೀವ ಹೋಗೋ ಅಪಾಯ ನೂರಕ್ಕೆ ಎಷ್ಟು, ರಾತ್ರಿ 2 ಗಂಟೆಗೆ ಜ್ವರ ಬಂದ್ರೆ ಎಮರ್ಜೆನ್ಸೀಲಿ ಹೆಮಟಾಲಜಿಯವ್ರು ಇರ್ತಾರಾ. ಕೇಳೋಕೆ ಸಂಕೋಚ ಪಡ್ಬೇಡಿ, ಒಳ್ಳೆ ಡಾಕ್ಟರು ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ಖರ್ಚು ಖಾಸಗಿಯಲ್ಲಿ ಸುಮಾರಾಗಿ ಹೇಳೋದಾದ್ರೆ ಆಟೋಲೋಗಸ್ 6ರಿಂದ 10 ಲಕ್ಷ, ಒಡಹುಟ್ಟಿದವ್ರ ಫುಲ್ ಮ್ಯಾಚ್ 15ರಿಂದ 20, ಹಾಫ್ ಮ್ಯಾಚ್ ಅಥವಾ ರಿಜಿಸ್ಟ್ರಿ ಡೋನರ್ ಅಂದ್ರೆ 25, 30 ದಾಟೋದೂ ಇದೆ. ಇನ್ಫೆಕ್ಷನ್ ಆಗಿ ಐಸಿಯು ಸೇರಿದ್ರೆ ಲೆಕ್ಕವೇ ಬೇರೆ. ಎಸ್ಟಿಮೇಟ್ ತಗೊಳ್ಳುವಾಗ ಡಿಸ್ಚಾರ್ಜ್ ಆದ ಮೇಲಿನ ಮೂರು ತಿಂಗಳ ಮಾತ್ರೆ, ವಾರ ವಾರದ ಸಿಎಂವಿ ಅನ್ನೋ ವೈರಸ್ ಟೆಸ್ಟು ಸೇರಿದೆಯಾ ಕೇಳಿ, ಬಹಳ ಕಡೆ ಸೇರಿರಲ್ಲ. ನನ್ನ ಪ್ರಕಾರ ಎಸ್ಟಿಮೇಟ್ ಮೇಲೆ ಇನ್ನೂ ಕಾಲು ಭಾಗ ಕೈಲಿರಬೇಕು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಅಂತಿದೆ, ಟ್ರಾನ್ಸ್‌ಪ್ಲಾಂಟ್‌ಗೆ ಬೇರೆ ಪ್ಯಾಕೇಜ್ ಇದೆಯಾ, ಈ ಆಸ್ಪತ್ರೆ ಅದಕ್ಕೆ ಎಂಪ್ಯಾನಲ್ ಆಗಿದೆಯಾ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ರ ಕೂತು ಕೇಳಿ. ಪ್ರಧಾನ ಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ, ಮುಖ್ಯಮಂತ್ರಿ ಪರಿಹಾರ ನಿಧಿ ಎರಡಕ್ಕೂ ಎಸ್ಟಿಮೇಟ್ ಕೈಗೆ ಬಂದ ದಿನವೇ ಅರ್ಜಿ ಹಾಕಿ, ಎಂಪಿ, ಎಂಎಲ್‌ಎ ಪತ್ರ ಜೊತೆಗಿದ್ರೆ ಫೈಲು ಬೇಗ ಓಡುತ್ತೆ. ಇನ್ಶೂರೆನ್ಸ್ ಇರೋವ್ರು ಪಾಲಿಸೀಲಿ ಮ್ಯಾರೋ ಟ್ರಾನ್ಸ್‌ಪ್ಲಾಂಟ್‌ಗೆ ಸಬ್ ಲಿಮಿಟ್ ಎಷ್ಟು, ಡೋನರ್ ಖರ್ಚು ಕೊಡ್ತಾರಾ ನೋಡ್ಕೊಳ್ಳಿ. ರೈಲಲ್ಲಿ ಕ್ಯಾನ್ಸರ್ ಪೇಷಂಟ್‌ಗೆ ಮತ್ತೆ ಜೊತೇಲಿ ಹೋಗೋ ಒಬ್ರಿಗೆ ರಿಯಾಯಿತಿ ಇದೆ, ಆಸ್ಪತ್ರೆಯ ಫಾರಂ ಬೇಕು. ದಯವಿಟ್ಟು ಮಂಡಿ ನೋವಿಗೆ, ಸಕ್ಕರೆ ಕಾಯಿಲೆಗೆ ಸ್ಟೆಮ್ ಸೆಲ್ ಅಂತ ಬೋರ್ಡ್ ಹಾಕಿರೋ ಕ್ಲಿನಿಕ್‌ಗಳ ಹತ್ರ ಇದಕ್ಕೆ ಹೋಗ್ಬೇಡಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ನಾಲ್ಕನೇದು: ಅಡ್ಮಿಟ್ ಆಗೋಕೆ ಮುಂಚೆ

ಎಕೋ, ಶ್ವಾಸಕೋಶದ ಟೆಸ್ಟು, ಎದೆ ಸಿಟಿ, ಹೆಪಟೈಟಿಸ್, ಎಚ್‌ಐವಿ, ಸಿಎಂವಿ ಇವೆಲ್ಲಾ ಅವ್ರೇ ಮಾಡಿಸ್ತಾರೆ. ನೀವು ನೆನಪಿಟ್ಟು ಕೇಳ್ಬೇಕಾಗಿರೋದು ಎರಡು. ಹುಳುಕು ಹಲ್ಲು ಇದ್ರೆ ಈಗಲೇ ತೆಗೆಸಿ ಅಥವಾ ತುಂಬಿಸಿ, ರಕ್ತದ ಸೆಲ್‌ಗಳ ಕೌಂಟ್ಸ್ ಸೊನ್ನೆಗೆ ಇಳಿದಾಗ ಆ ಹಲ್ಲಿಂದಲೇ ರಕ್ತಕ್ಕೆ ಸೋಂಕು ಇಳಿಯುತ್ತೆ. ಎರಡನೇದು ಮಕ್ಕಳಾಗೋ ವಿಷಯ. ಟ್ರಾನ್ಸ್‌ಪ್ಲಾಂಟ್ ಕೀಮೋ ಆದ ಮೇಲೆ ಬಹಳ ಜನಕ್ಕೆ ಮಕ್ಕಳಾಗೋ ಶಕ್ತಿ ಹೋಗುತ್ತೆ. ಮದುವೆಯಾಗದ ಹುಡುಗನಿಗೆ ವೀರ್ಯ ಫ್ರೀಜ್ ಮಾಡಿಸೋದು ಒಂದು ದಿನದ ಕೆಲಸ, ಸಾಧ್ಯ ಆದ್ರೆ ಮೊದಲನೇ ಕೀಮೋಗೆ ಮುಂಚೆನೇ. ಹುಡುಗೀರಿಗೆ ಅಂಡಾಣು ತೆಗೆದಿಡೋಕೆ ಹತ್ತು ಹನ್ನೆರಡು ದಿನ ಬೇಕು, ಕಾಯಿಲೆ ಅಷ್ಟು ಟೈಮ್ ಕೊಡುತ್ತಾ ಅಂತ ಡಾಕ್ಟರೇ ಹೇಳ್ಬೇಕು. ಜೀವ ಉಳಿದ್ರೆ ಸಾಕು ಅಂತ ಆಗ ಎಲ್ರೂ ಸುಮ್ಮನಾಗ್ತಾರೆ, ಜೀವ ಉಳಿದು ನಾಲ್ಕು ವರ್ಷ ಆದ ಮೇಲೆ ಅದೇ ಹುಡುಗ ನಮ್ಮನ್ನ ಕೇಳ್ತಾನೆ, ಯಾಕೆ ಯಾರೂ ಹೇಳ್ಲಿಲ್ಲ ಅಂತ.

ಎಸ್‌ಡಿಪಿ ಪ್ಲೇಟ್‌ಲೆಟ್ (ಒಬ್ಬರಿಂದಲೇ ಮೆಷಿನ್‌ನಲ್ಲಿ ತೆಗೆಯೋದು) ಕೊಡೋ ಹತ್ತು ಹದಿನೈದು ಜನರ ಪಟ್ಟಿ ಮಾಡಿಟ್ಕೊಳ್ಳಿ. ಪ್ಲೇಟ್‌ಲೆಟ್ 5 ದಿನಕ್ಕಿಂತ ಇಡೋಕಾಗಲ್ಲ, ಹಾಗಾಗಿ ಒಂದೇ ದಿನ ಎಲ್ರನ್ನೂ ಕರ್ಕೊಂಡು ಬಂದ್ರೆ ಪ್ರಯೋಜನ ಇಲ್ಲ, ದಿನಕ್ಕೊಬ್ರು ಇಬ್ರು ಬರೋ ಹಾಗೆ ವಾಟ್ಸಾಪ್ ಗ್ರೂಪಲ್ಲಿ ಹೊಂದಿಸ್ಬೇಕು. ಕೈ ನರ ಚೆನ್ನಾಗಿರ್ಬೇಕು, ಮೂರು ದಿನದಿಂದ ಆಸ್ಪಿರಿನ್ ಥರದ ನೋವಿನ ಮಾತ್ರೆ ತಗೊಂಡಿರಬಾರದು ಅಂತ ಮೊದಲೇ ಹೇಳಿಬಿಡಿ, ಇಲ್ಲಾಂದ್ರೆ ಪಾಪ ಅಷ್ಟು ದೂರದಿಂದ ಬಂದು ವಾಪಸ್ ಹೋಗ್ತಾರೆ.

ಐದನೇದು: ಡೋನರ್ ಆಗೋವ್ರಿಗೆ

ಬೆನ್ನುಮೂಳೆಯಿಂದ ತೆಗೀತಾರೆ, ಸೊಂಟ ಹೋಗುತ್ತೆ ಅನ್ನೋ ಭಯ ನಮ್ಮಮ್ಮನಿಗೂ ಇತ್ತು. ಬೆನ್ನುಹುರಿಗೆ ಕೈಯೇ ಹಾಕಲ್ಲ. ಈಗ ಬಹಳ ಕಡೆ ರಕ್ತದಿಂದಲೇ ತೆಗೆಯೋದು. ನಾಲ್ಕೈದು ದಿನ ಜಿಸಿಎಸ್‌ಎಫ್ ಇಂಜೆಕ್ಷನ್ ಹೊಟ್ಟೆ ಚರ್ಮಕ್ಕೆ ಕೊಡ್ತಾರೆ, ಅದು ಮಜ್ಜೆಯಲ್ಲಿರೋ ಸ್ಟೆಮ್ ಸೆಲ್‌ನ ರಕ್ತಕ್ಕೆ ತಳ್ಳುತ್ತೆ. ಮೂರನೇ ದಿನದಿಂದ ಸೊಂಟ, ಎದೆ ಮೂಳೆ, ತೊಡೆ ಒಳಗಿಂದ ಮಿಡಿಯೋ ಹಾಗೆ ನೋವು, ಫ್ಲೂ ಜ್ವರ ಬಂದಾಗಿನ ಮೈಕೈ ನೋವಿನ ಥರ, ಪ್ಯಾರಾಸಿಟಮಾಲ್‌ಗೆ ತಗ್ಗುತ್ತೆ. ಐದನೇ ದಿನ ಅಫೆರಿಸಿಸ್ ಮೆಷಿನ್. ಒಂದು ಕೈಯಿಂದ ರಕ್ತ ಹೋಗುತ್ತೆ, ಮೆಷಿನ್ ಸ್ಟೆಮ್ ಸೆಲ್ ಮಾತ್ರ ಇಟ್ಕೊಂಡು ಉಳಿದಿದ್ದನ್ನ ಇನ್ನೊಂದು ಕೈಗೆ ವಾಪಸ್ ಕಳಿಸುತ್ತೆ, ನಾಲ್ಕರಿಂದ ಆರು ಗಂಟೆ, ಎರಡೂ ಕೈ ಅಲ್ಲಾಡಿಸೋ ಹಾಗಿಲ್ಲ, ಮೂಗು ಕೆರೀತಿದ್ರೆ ಯಾರಾದ್ರೂ ಬಂದು ಉಜ್ಜಬೇಕು. ಮಧ್ಯದಲ್ಲಿ ನನಗೆ ತುಟಿ ಸುತ್ತ ಜುಂ ಅಂತ ಶುರುವಾಯ್ತು, ಬೆರಳ ತುದೀಲೂ. ರಕ್ತ ಹೆಪ್ಪುಗಟ್ಟದಿರೋಕೆ ಹಾಕೋ ಸಿಟ್ರೇಟು ಕ್ಯಾಲ್ಸಿಯಂ ಇಳಿಸೋದ್ರಿಂದ ಹಾಗಾಗುತ್ತೆ, ತಕ್ಷಣ ಸಿಸ್ಟರ್‌ಗೆ ಹೇಳಿ, ಕ್ಯಾಲ್ಸಿಯಂ ಕೊಟ್ಟು ಮೆಷಿನ್ ನಿಧಾನ ಮಾಡಿದ್ರೆ ಹೋಗುತ್ತೆ. ಹಿಂದಿನ ರಾತ್ರಿ, ಬೆಳಗ್ಗೆ ಹಾಲು ಮೊಸರು ಚೆನ್ನಾಗಿ ತಿಂದ್ಕೊಂಡು ಹೋಗಿ, ಮೆಷಿನ್‌ಗೆ ಕೂರೋಕೆ ಮುಂಚೆ ಬಾತ್‌ರೂಮಿಗೆ ಹೋಗಿ ಬನ್ನಿ.

ಪೇಷಂಟ್‌ನ ಒಂದು ಕೆಜಿ ತೂಕಕ್ಕೆ ಕನಿಷ್ಠ 20 ಲಕ್ಷ ಸಿಡಿ34 ಸೆಲ್, ಅಂದ್ರೆ ಸ್ಟೆಮ್ ಸೆಲ್ ಬೇಕು, 40ರಿಂದ 50 ಲಕ್ಷ ಸಿಕ್ರೆ ನೆಮ್ಮದಿ, ಸಾಲದೇ ಹೋದ್ರೆ ಮಾರನೇ ದಿನ ಇನ್ನೊಂದು ಸಲ ಕೂರಿಸ್ತಾರೆ. ಕೊಟ್ಟ ಸೆಲ್ ಕೆಲವೇ ವಾರದಲ್ಲಿ ಮೈಯಲ್ಲಿ ಮತ್ತೆ ತುಂಬ್ಕೊಳ್ಳುತ್ತೆ. ಆ ಇಂಜೆಕ್ಷನ್‌ಗೆ ಗುಲ್ಮ (ಸ್ಪ್ಲೀನ್) ಸ್ವಲ್ಪ ಊದಿರುತ್ತೆ, ಒಂದೆರಡು ವಾರ ಕಬಡ್ಡಿ, ಭಾರ ಎತ್ತೋದು ಬೇಡ. ಎಡಗಡೆ ಪಕ್ಕೆ ಕೆಳಗೆ ಜೋರು ನೋವು ಬಂದ್ರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ. ಮತ್ತೆ ಒಂದು ವಿಷಯ ದೊಡ್ಡವ್ರು ಗಮನಿಸ್ಬೇಕು: ಕೊಡೋಕೆ ಇಷ್ಟ ಇಲ್ಲದವ್ರನ್ನ, ಹೆದರಿರೋವ್ರನ್ನ ಎಲ್ರೂ ಸೇರಿ ಒತ್ತಾಯ ಮಾಡ್ಬೇಡಿ. ಪೇಷಂಟ್‌ಗೆ ಕೀಮೋ ಶುರುವಾದ ಮೇಲೆ ಡೋನರ್ ಹಿಂದೆ ಸರಿದ್ರೆ ಪೇಷಂಟ್ ಜೀವಕ್ಕೇ ಅಪಾಯ, ಹಾಗಾಗಿ ಬೇಡ ಅನ್ನೋದಿದ್ರೆ ಅದಕ್ಕೆ ಮುಂಚೆನೇ ಹೇಳೋಕೆ ಅವ್ರಿಗೆ ಅವಕಾಶ ಇರ್ಬೇಕು.

ಆರನೇದು: ವಾರ್ಡೊಳಗೆ

ಮೊದಲ ಐದಾರು ದಿನ ಹಳೇ ಮಜ್ಜೆ ಖಾಲಿ ಮಾಡೋ ಕಂಡಿಷನಿಂಗ್ ಕೀಮೋ, ಫ್ಲುಡರಾಬಿನ್, ಬುಸಲ್ಫಾನ್, ಮೆಲ್ಫಲಾನ್ ಹೀಗೆ, ಕೆಲವ್ರಿಗೆ ಮೈಪೂರ್ತಿ ರೇಡಿಯೇಷನ್. ಮೆಲ್ಫಲಾನ್ ಹೋಗುವಾಗ ಬಾಯಲ್ಲಿ ಐಸ್ ಚೂರು ಇಟ್ಕೊಂಡಿರಿ ಅಂತಾರೆ, ಚಳಿ ಅಂತ ಬಿಡ್ಬೇಡಿ, ಬಾಯಿ ಹುಣ್ಣು ಅದ್ರಿಂದ ನಿಜವಾಗ್ಲೂ ಕಮ್ಮಿ ಆಗುತ್ತೆ. ಆಮೇಲೆ ಡೇ ಝೀರೋ, ಸ್ಟೆಮ್ ಸೆಲ್ ಏರಿಸೋ ದಿನ, ದಿನದ ಲೆಕ್ಕ ಅಲ್ಲಿಂದ. ಕೆಂಪಗೆ, ಸ್ವಲ್ಪ ಮಂದವಾಗಿರೋ ಒಂದು ಚೀಲ, ಕುತ್ತಿಗೆಯ ಅಥವಾ ತೋಳಿನ ಲೈನಲ್ಲಿ ಹೋಗುತ್ತೆ, ಒಂದೆರಡು ಗಂಟೇಲಿ ಮುಗೀತು. ಸೆಲ್‌ಗಳು ರಕ್ತದಲ್ಲಿ ಓಡಾಡ್ಕೊಂಡು ತಾವಾಗೇ ಮೂಳೆ ಒಳಗೆ ಹೋಗಿ ಕೂರ್ತವೆ.

ಕಷ್ಟ ಶುರುವಾಗೋದು ಆಮೇಲೆ. ಕೌಂಟ್ಸ್ ನೆಲಕ್ಕೆ ಬೀಳುತ್ತೆ, ಬಾಯಿ ಗಂಟಲು ಹುಣ್ಣಾಗಿ ಉಗುಳು ನುಂಗೋಕಾಗಲ್ಲ, ಭೇದಿ, ಜ್ವರ, ಕೂದಲು ಉದುರೋದು. ಜ್ವರ ಬರೋದು ಬಹುತೇಕ ಎಲ್ರಿಗೂ ಆಗುತ್ತೆ, ಅಷ್ಟಕ್ಕೇ ಎದೆ ಒಡ್ಕೋಬೇಡಿ. ಅಟೆಂಡರ್ ಕೆಲಸ ಏನಂದ್ರೆ ಕೈ ತೊಳ್ಕೊಳ್ಳೋದು, ಪೇಷಂಟ್‌ಗೆ ಬಾಯಿ ಮುಕ್ಕಳಿಸೋದು ನೆನಪಿಸೋದು, ಕೂತ್ಕೊಂಡು ಎರಡು ಹೆಜ್ಜೆ ಓಡಾಡಿಸೋದು, ಕುಡಿದಿದ್ದು ಹೋಗಿದ್ದರ ಲೆಕ್ಕ ಸರಿಯಾಗಿ ಬರೆಯೋದು. ನೆಗಡಿ ಇರೋ ನೆಂಟರನ್ನ ಬಾಗಿಲಲ್ಲೇ ನಿಲ್ಲಿಸೋದು ಕೂಡ ನಿಮ್ಮ ಕೆಲಸ, ಬೇಜಾರಾದ್ರೂ ಆಗ್ಲಿ. ಎಎನ್‌ಸಿ (ಸೋಂಕಿನ ಜೊತೆ ಹೋರಾಡೋ ಬಿಳಿ ಸೆಲ್‌ಗಳ ಲೆಕ್ಕ) 500 ದಾಟಿ ಮೂರು ದಿನ ಹಾಗೇ ನಿಂತ್ರೆ ಎನ್‌ಗ್ರಾಫ್ಟ್ ಆಯ್ತು, ಹೊಸ ಸೆಲ್ ಕೂತ್ಕೊಂಡ್ವು ಅಂತಾರೆ, ಸಾಮಾನ್ಯವಾಗಿ ಎರಡರಿಂದ ಮೂರು ವಾರದ ಒಳಗೆ. 100, 100, 200, ಮತ್ತೆ 100 ಅಂತ ಬರ್ತಿದ್ದ ರಿಪೋರ್ಟಲ್ಲಿ ಒಂದಿನ 650 ಅಂತ ಕಂಡಾಗ ವಾರ್ಡಿನ ಆಯಮ್ಮ ಕೂಡ ಬಂದು ಅಕ್ಕನ್ನ ಮಾತಾಡಿಸ್ಕೊಂಡು ಹೋದ್ರು.

ಏಳನೇದು: ಡಿಸ್ಚಾರ್ಜ್ ಆದ ಮೇಲೆ, ಡೇ 100ರ ತನಕ

ಡಿಸ್ಚಾರ್ಜ್ ಅಂದ್ರೆ ವಾಸಿಯಾಯ್ತು ಅಂತ ಊರಿಗೆ ಹೊರಡೋ ಹಾಗಿಲ್ಲ. ಆಸ್ಪತ್ರೆಗೆ ಅರ್ಧ ಗಂಟೇಲಿ ತಲುಪೋ ಜಾಗದಲ್ಲಿ ಮೂರು ತಿಂಗಳು ರೂಮು ಮಾಡಿ, ಅಡುಗೆಮನೆ ಬೇರೆ ಇರೋದು, ಗಾಳಿ ಬೆಳಕು ಇರೋದು, ಪಕ್ಕದಲ್ಲಿ ಕಟ್ಟಡ ಒಡೀತಾ ಇಲ್ಲದಿರೋದು. ಕಟ್ಟಡದ ಧೂಳಲ್ಲಿ ಫಂಗಸ್ ಇರುತ್ತೆ, ಇವ್ರ ಶ್ವಾಸಕೋಶಕ್ಕೆ ಅದು ವಿಷ. ಆಮೇಲೆ ಊರಿಗೆ ಹೋದಾಗಲೂ ಕೊಟ್ಟಿಗೆ, ಹುಲ್ಲಿನ ಬಣವೆ, ಗೊಬ್ಬರದ ಗುಂಡಿ, ಅಡಿಕೆ ಸುಲಿಯೋ ಜಾಗ ಇವೆಲ್ಲಾ ವರ್ಷದ ತನಕ ದೂರ.

ಜ್ವರ 100.4 ಆಯ್ತು ಅಂದ್ರೆ ಪ್ಯಾರಾಸಿಟಮಾಲ್ ನುಂಗಿ ಬೆಳಗ್ಗೆ ನೋಡೋಣ ಅನ್ನಬೇಡಿ, ರಾತ್ರಿ ಎಷ್ಟೇ ಹೊತ್ತಾಗಿದ್ರೂ ಎಮರ್ಜೆನ್ಸಿಗೆ ಹೋಗಿ, ಒಳಗೆ ಹೋದ ತಕ್ಷಣ "ಟ್ರಾನ್ಸ್‌ಪ್ಲಾಂಟ್ ಪೇಷಂಟ್, ಡೇ ಇಷ್ಟು" ಅಂತ ಮೊದಲ ಮಾತಲ್ಲೇ ಹೇಳಿ.

ಇಮ್ಯುನಿಟಿ ತಗ್ಗಿಸೋ ಟ್ಯಾಕ್ರೊಲಿಮಸ್ ಅಥವಾ ಸೈಕ್ಲೋಸ್ಪೊರಿನ್ ಮಾತ್ರೆ ದಿನಾ ಒಂದೇ ಹೊತ್ತಿಗೆ. ರಕ್ತದಲ್ಲಿ ಅದರ ಲೆವೆಲ್ ನೋಡೋ ದಿನ ಬೆಳಗ್ಗೆ ಮಾತ್ರೆ ತಗೊಳ್ದೆ ಹೋಗಿ ರಕ್ತ ಕೊಟ್ಟು ಆಮೇಲೆ ತಗೋಬೇಕು, ನುಂಗಿ ಹೋದ್ರೆ ಲೆವೆಲ್ ಸುಳ್ಳು ತೋರಿಸಿ ಡೋಸೇ ತಪ್ಪಾಗುತ್ತೆ. ಗ್ರೇಪ್‌ಫ್ರೂಟ್ ತಿನ್ನಬೇಡಿ ಅಂತ ಡಯಟ್ ಚಾರ್ಟಲ್ಲಿ ಬರೆದಿರ್ತಾರೆ, ನಮ್ಮವ್ರು ಅದನ್ನ ಎಲ್ಲಿ ತಿಂತಾರೆ, ಆದ್ರೆ ಅದರ ಹತ್ತಿರದ ನೆಂಟ ನಮ್ಮ ದೇವನಹಳ್ಳಿ ಚಕ್ಕೋತ, ಅದೂ ಈ ಮಾತ್ರೆಯ ಲೆವೆಲ್ ಏರಿಸುತ್ತೆ, ಹಾಗಾಗಿ ಚಕ್ಕೋತ ಬೇಡ. ಅಮೃತಬಳ್ಳಿ ಕಷಾಯ, ಅಶ್ವಗಂಧ, ಇಮ್ಯುನಿಟಿ ಬೂಸ್ಟರ್ ಅಂತ ಯಾರೇ ತಂದು ಕೊಟ್ರೂ ಬೇಡ ಅನ್ನಿ. ಇಲ್ಲಿ ಡಾಕ್ಟರು ಮಾತ್ರೆ ಕೊಟ್ಟು ಇಮ್ಯುನಿಟಿ ತಗ್ಗಿಸ್ತಿರೋದು, ಅದನ್ನ ಕೆಣಕಿದ್ರೆ ಜಿವಿಎಚ್‌ಡಿ ಏಳುತ್ತೆ, ಅಮೃತಬಳ್ಳಿಯಿಂದ ಲಿವರ್ ಕೆಟ್ಟಿರೋ ಕೇಸುಗಳೂ ದಾಖಲಾಗಿವೆ.

ಊಟದಲ್ಲಿ ನಿಯಮ ಒಂದೇ, ಬೆಂದಿದ್ದು ಮತ್ತೆ ಬಿಸಿ ಇರೋದು. ಅನ್ನ, ಬೇಳೆ, ಮುದ್ದೆ, ಇಡ್ಲಿ, ಚೆನ್ನಾಗಿ ಬೆಂದ ಮೊಟ್ಟೆ, ಮಾಡಿದ ಒಂದೆರಡು ಗಂಟೆ ಒಳಗೆ. ಕೋಸಂಬರಿ, ಹಸಿ ಕಾಯಿ ಚಟ್ನಿ, ಹೆಚ್ಚಿಟ್ಟ ಹಣ್ಣು, ಹೋಟೆಲ್ ಸಾಂಬಾರು, ದೇವಸ್ಥಾನದ ತೀರ್ಥ ಸದ್ಯಕ್ಕೆ ಇಲ್ಲ. ತೀರ್ಥ ಬೇಡ ಅನ್ನೋಕೆ ನಮ್ಮಮ್ಮನಿಗೆ ತುಂಬಾ ಸಂಕಟ ಆಯ್ತು, ಹಣೆಗೆ ಕುಂಕುಮ ಇಟ್ಟು ಸಾಕು ಅಂತ ಒಪ್ಪಿಸಿದ್ವಿ. ಬಾಳೆಹಣ್ಣು, ಕಿತ್ತಳೆ ಥರ ಸಿಪ್ಪೆ ಇರೋದು ತೊಳೆದು ಸುಲಿದು ಕೊಡಬಹುದು. ಮೊಸರಿನ ವಿಷಯ ಒಂದೊಂದು ಆಸ್ಪತ್ರೆ ಒಂದೊಂದು ಹೇಳುತ್ತೆ, ನಿಮ್ಮವ್ರು ಹೇಳಿದ್ದನ್ನೇ ಮಾಡಿ. ನೀರು ಎರಡೂವರೆ ಮೂರು ಲೀಟರ್ ಒಳಗೆ ಹೋಗ್ಲೇಬೇಕು, ಇಮ್ಯುನಿಟಿ ತಗ್ಗಿಸೋ ಮಾತ್ರೆಗಳು ಕಿಡ್ನಿ ಮೇಲೆ ಭಾರ ಹಾಕ್ತವೆ.

ದಿನಾ ಸ್ನಾನ ಆದ ಮೇಲೆ ಅಂಗೈ, ಅಂಗಾಲು, ಕಿವಿ, ಎದೆ ಮೇಲೆ ಕೆಂಪು ದದ್ದು ಇದೆಯಾ ನೋಡಿ, ಕಣ್ಣು ಹಳದಿ ಇದೆಯಾ ನೋಡಿ. ಭೇದಿ ಆದ್ರೆ ಎಷ್ಟು ಸಲ ಅನ್ನೋದಕ್ಕಿಂತ ಎಷ್ಟು ಎಂಎಲ್ ಅನ್ನೋದು ಮುಖ್ಯ, ಅಳತೆ ಜಗ್ ಇಟ್ಕೊಂಡು ಬರೀರಿ, ಜಿವಿಎಚ್‌ಡಿ ಗ್ರೇಡ್ ಮಾಡೋಕೆ ಡಾಕ್ಟರಿಗೆ ಅದೇ ಬೇಕು. ಬೇಗ ಹಿಡಿದ್ರೆ ಸ್ಟಿರಾಯ್ಡ್‌ಗೆ ಬಗ್ಗುತ್ತೆ, ಬಗ್ಗದಿದ್ರೆ ರುಕ್ಸೊಲಿಟಿನಿಬ್ ಥರದ ಔಷಧಿ ಇದೆ. ಸೊಂಟದ ಸುತ್ತವೋ ಬೆನ್ನ ಮೇಲೋ ಉರಿ ಬಂದು ಗುಳ್ಳೆ ಎದ್ರೆ ಅದು ಸರ್ಪಸುತ್ತು, ಕೆಮ್ಮಣ್ಣು ಹಚ್ಚಿಸೋಕೆ ಹೋಗಿ ದಿನ ಕಳೀಬೇಡಿ, ಅವತ್ತೇ ಆಸ್ಪತ್ರೆಗೆ. ಬೀದೀಲಿ ಯಾರಿಗಾದ್ರೂ ಅಮ್ಮ ಆಗಿದೆ ಅಂತ ಗೊತ್ತಾಗಿ ಪೇಷಂಟ್ ಅವ್ರ ಹತ್ರ ಹೋಗಿದ್ರೂ ಹಾಗೇ, ಗುಳ್ಳೆ ಬರೋ ತನಕ ಕಾಯದೆ ಹೇಳಿ. ಮನೇಲಿ ಪುಟ್ಟ ಮಗು ಇದ್ರೆ ಲಸಿಕೆ ತಪ್ಪಿಸ್ಬೇಡಿ, ಆದ್ರೆ ಪೋಲಿಯೋ ಹನಿ ಹಾಕಿಸೋಕೆ ಮುಂಚೆ ಟ್ರಾನ್ಸ್‌ಪ್ಲಾಂಟ್ ಆದವ್ರು ಇದಾರೆ ಅಂತ ಮಕ್ಕಳ ಡಾಕ್ಟರಿಗೆ ಹೇಳಿ, ಕೆಲವು ವಾರ ಆ ಮಗುವಿನ ಕಕ್ಕ ತೊಳೆಯೋ ಕೆಲಸ ಪೇಷಂಟ್ ಮಾಡಬಾರದು.

ಆಮೇಲಿನ ವರ್ಷ

ಡೇ 30ರ ಸುಮಾರಿಂದ ಕೈಮೆರಿಸಂ ಟೆಸ್ಟ್ ಮಾಡ್ತಾರೆ, ರಕ್ತದಲ್ಲಿ ಡೋನರ್ ಸೆಲ್ ನೂರಕ್ಕೆ ಎಷ್ಟಿದೆ ಅಂತ. ಅದು ಇಳೀತಾ ಬಂದ್ರೆ, ಅಥವಾ ಎಂಆರ್‌ಡಿ ತಲೆ ಎತ್ತಿದ್ರೆ ಡಾಕ್ಟರು ಇಮ್ಯುನಿಟಿ ತಗ್ಗಿಸೋ ಮಾತ್ರೆಯ ಡೋಸ್ ಕಮ್ಮಿ ಮಾಡಬಹುದು, ಡೋನರ್‌ನಿಂದ ಮತ್ತೆ ಲಿಂಫೋಸೈಟ್ ಅನ್ನೋ ಬಿಳಿ ಸೆಲ್ ತಗೊಂಡು ಕೊಡಬಹುದು, ಅದಕ್ಕೆ ಡಿಎಲ್‌ಐ ಅಂತಾರೆ. ಹಾಗಾಗಿ ಡೋನರ್ ಆದವ್ರು ಫೋನ್ ನಂಬರ್ ಬದಲಾಯ್ಸಿದ್ರೂ ಆಸ್ಪತ್ರೆಗೆ ತಿಳಿಸಿ. ಕಣ್ಣು ಒಣಗೋದು, ಬಾಯಲ್ಲಿ ಖಾರ ತಡೆಯೋಕಾಗದಿರೋದು, ಚರ್ಮ ಬಿಗಿಯೋದು, ಮೆಟ್ಟಿಲು ಹತ್ತಿದ್ರೆ ಏದುಸಿರು, ಇವು ಕ್ರಾನಿಕ್ ಜಿವಿಎಚ್‌ಡಿ ಲಕ್ಷಣ, ವಯಸ್ಸಾಯ್ತು ಸುಸ್ತು ಅಂತ ತಳ್ಳಿಹಾಕಬೇಡಿ. ಬಿಸಿಲಿಗೆ ಹೋಗುವಾಗ ಕೊಡೆ, ತುಂಬು ತೋಳು. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳ ಬಲ ಕ್ರಮೇಣ ಅಳಿಸಿ ಹೋಗುತ್ತೆ, ಆರು ತಿಂಗಳಿಂದ ವರ್ಷದ ಒಳಗೆ ಮತ್ತೆ ಮೊದಲಿಂದ ಶುರು, ಎಂಎಂಆರ್ ಥರದ ಜೀವಂತ ಲಸಿಕೆ ಮಾತ್ರ ಎರಡು ವರ್ಷ ಆಗಿ ಇಮ್ಯುನಿಟಿ ತಗ್ಗಿಸೋ ಮಾತ್ರೆ ನಿಂತ ಮೇಲೆ.

ಕೊನೇದಾಗಿ ಬ್ಲಡ್ ಗ್ರೂಪ್. ಗ್ರೂಪ್ ಬೇರೆ ಇರೋ ಡೋನರ್ ಆಗಿದ್ರೆ ಕೆಲವು ತಿಂಗಳಲ್ಲಿ ಪೇಷಂಟ್ ಗ್ರೂಪ್ ಡೋನರ್ ಗ್ರೂಪಿಗೆ ತಿರುಗುತ್ತೆ, ನಮ್ಮಕ್ಕ ಈಗ ಓ ಪಾಸಿಟಿವ್. ಡ್ರೈವಿಂಗ್ ಲೈಸೆನ್ಸಲ್ಲಿ, ಆಫೀಸ್ ಐಡಿ ಕಾರ್ಡಲ್ಲಿ ಹಳೇದೇ ಇರುತ್ತೆ, ಅದನ್ನ ಬದಲಾಯ್ಸಿ. ಟ್ರಾನ್ಸ್‌ಪ್ಲಾಂಟ್ ಆದ ದಿನಾಂಕ, ಈಗಿನ ಗ್ರೂಪು, ರಕ್ತ ಕೊಡೋದಾದ್ರೆ ಇರೇಡಿಯೇಟ್ ಮಾಡಿದ್ದೇ (ರೇಡಿಯೇಷನ್ ಹಾಯಿಸಿದ್ದು) ಕೊಡಬೇಕು ಅನ್ನೋ ಸೂಚನೆ, ಆಸ್ಪತ್ರೆ ಫೋನ್ ನಂಬರು, ಇಷ್ಟನ್ನ ಡಾಕ್ಟರ ಲೆಟರ್‌ಹೆಡ್ಡಲ್ಲಿ ಬರೆಸ್ಕೊಂಡು ಲ್ಯಾಮಿನೇಟ್ ಮಾಡಿಸಿ ಒಂದು ಪೇಷಂಟ್ ಪರ್ಸಲ್ಲಿ, ಒಂದು ಮನೆಯವ್ರ ಪರ್ಸಲ್ಲಿ ಇಡಿ.